ಪೆಂಡೊ ನಕ್ಕ ಬಗೆ

ಪೂಜ್ಯ ರೀತಮ್ಮನವರು ಕೊಳ್ಳೇಗಾಲದ ಕಡೆಯ ಒಂದು ಸಣ್ಣ ಕ್ರೈಸ್ತ ಕೇರಿಯಲ್ಲಿ ಹುಟ್ಟಿ, ಹರೆಯದಲ್ಲೇ ಕನ್ಯಾಮಠ ಸೇರಿ, ತಮ್ಮ ಆಯುಷ್ಯದ ಹೆಚ್ಚಿನ ಭಾಗವನ್ನು ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ ಸವೆಸಿದವರು. ಆ ದೇಶದ ಪಶ್ಚಿಮಕ್ಕೆ, ಡಾಂಬರು ರಸ್ತೆ ಮುಗಿದ ಮೇಲೂ ಬಹಳ ದೂರ ಕೆಂಪು ಧೂಳಿನಲ್ಲಿ ಸಾಗಿದರೆ ಮ್ವೆಂಗೆ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಒಂದು ಪುಟ್ಟ ದೇವಾಲಯ, ಅದರ ಪಕ್ಕದಲ್ಲಿ ತಗಡಿನ ಸೂರಿನ ಚಿಕಿತ್ಸಾಲಯ, ಹಿಂದೆ ಒಂದು ಮಾವಿನ ಮರ. ಬೆಳಗಿನ ಪೂಜೆ ಮುಗಿದೊಡನೆ ರೀತಮ್ಮನವರು ಆ ಮರದ ಕೆಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಕಾಲಿನ ಹುಣ್ಣು, ಸುಟ್ಟ ಗಾಯ, ಮುಳ್ಳು ಚುಚ್ಚಿ ಕೀವಾದ ಅಂಗಾಲು, ಹೀಗೆ ಬಂದವರೆಲ್ಲರ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಬಿಸಿನೀರಿನಲ್ಲಿ ತೊಳೆದು ಬಟ್ಟೆ ಕಟ್ಟುತ್ತಿದ್ದರು. ಊರವರು ಅವರನ್ನು ‘ಮಾಮಾ ರೀತಾ’ ಎಂದು ಕರೆಯುತ್ತಿದ್ದರು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಮಾಮಾ ಎಂದರೆ ತಾಯಿ. ನಮ್ಮ ಕಡೆಯಿಂದ ಹೋದವರಿಗೆ ಇದನ್ನು ಕೇಳಿ ಮೊದಲು ನಗು ಬರುತ್ತಿತ್ತು. ಅಮ್ಮನವರೂ ಜೊತೆಗೆ ನಗುತ್ತಿದ್ದರು.

ಒಂದು ವರ್ಷ ಮೈಸೂರಿನ ಒಂದು ಧರ್ಮಕೇಂದ್ರದಿಂದ ಒಂದು ಸಣ್ಣ ತಂಡ ಒಂದು ತಿಂಗಳ ಸೇವೆಗೆಂದು ಮ್ವೆಂಗೆಗೆ ಬಂದಿತು. ಮುಂದಾಳಾಗಿ ಧರ್ಮಕೇಂದ್ರದ ಗುರುಗಳಾದ ಫಾದರ್ ವಲೇರಿಯನ್ ಇದ್ದರು. ಅವರೊಂದಿಗೆ ಬಂದವರಲ್ಲಿ ದೊಮಿನಿಕ್ ರಾಯಪ್ಪ ಎಂಬಾತ ಫೋಟೊ ಸ್ಟುಡಿಯೊ ನಡೆಸುವವನು. ಮದುವೆಯ ವಿಡಿಯೊ ಮಾಡುವುದರಲ್ಲಿ ಆತನದು ಒಳ್ಳೆಯ ಕೈ. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ತಂದೆಯ ಕಣ್ಣು ತುಂಬುವ ಗಳಿಗೆಯನ್ನು ದೊಮಿನಿಕ್ ಹಿಡಿದ ಹಾಗೆ ಬೇರೆ ಯಾರೂ ಹಿಡಿಯಲಾರರು ಎಂದು ಹೆಸರಾಗಿದ್ದ. ಈ ತಿಂಗಳ ಸೇವೆಯ ಹೈಲೈಟ್ಸ್ ಎಲ್ಲವನ್ನೂ ಸೇರಿಸಿ ಒಂದು ಚಿತ್ರ ಮಾಡಬೇಕು, ಊರಿಗೆ ಮರಳಿದ ಮೇಲೆ ಧರ್ಮಕೇಂದ್ರದ ಸಭಾಂಗಣದಲ್ಲಿ ತೋರಿಸಬೇಕು, ನೋಡಿದವರ ಮನ ಕರಗಿ ಚಿಕಿತ್ಸಾಲಯಕ್ಕೆ ಹೊಸ ಸೂರು ಆಗಬೇಕು ಎಂಬುದು ಆತನಿಗೆ ವಹಿಸಿದ ಕೆಲಸ.

ಆತ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಆದರೆ ರೀತಮ್ಮನವರನ್ನು ಕಂಡು ಆತನಿಗೆ ನಿರಾಶೆಯಾಯಿತು. ಸಂತರಂಥವರು ಎಂದು ಎಲ್ಲರೂ ಹೇಳುತ್ತಿದ್ದುದರಿಂದ ಮುಖದಲ್ಲಿ ಏನೋ ಒಂದು ಕಾಂತಿ ಇರುತ್ತದೆ ಎಂದುಕೊಂಡಿದ್ದ. ಇಲ್ಲಿ ನೋಡಿದರೆ ಕುಳ್ಳಗೆ, ಕಪ್ಪಗೆ, ಸೊಂಟ ಬಾಗಿದ ಒಬ್ಬ ಮುದುಕಿ. ನೀರು ಪೋಲು ಮಾಡಿದರೆಂದು ಫಾದರ್ ವಲೇರಿಯನ್ ಅವರನ್ನೂ ಬಿಡದೆ ಗದರಿಕೊಳ್ಳುತ್ತಿದ್ದರು. ಸಂಜೆಯ ಜಪಸರದ ನಡುವೆ ಕೆಲವೊಮ್ಮೆ ತೂಕಡಿಸುತ್ತಿದ್ದರು. ಇವರಲ್ಲಿ ಅಂಥದ್ದೇನಿದೆ ಎಂದು ಆತ ಜೊತೆಗಾರರ ಬಳಿ ಮೆಲ್ಲಗೆ ಆಡಿಯೂ ಇದ್ದ.

ದಿನಗಳು ಓಡಿದವು. ತಂಡದವರು ದೇವಾಲಯದ ಗೋಡೆಗೆ ಸುಣ್ಣ ಬಳಿದರು, ಔಷಧಿ ಹಂಚಿದರು, ಭಾನುವಾರದ ಪೂಜೆಯಲ್ಲಿ ಊರವರೊಂದಿಗೆ ಹೆಜ್ಜೆ ಹಾಕಿದರು. ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆಯನ್ನು ನಮ್ಮ ರಾಗಿಮುದ್ದೆಗೆ ಹೋಲಿಸಿ ನೋಡುತ್ತ ಉಂಡರು. ದೊಮಿನಿಕ್ ಎಲ್ಲವನ್ನೂ ಚಿತ್ರೀಕರಿಸಿದ. ಆದರೆ ಸಂಜೆ ಕುಳಿತು ನೋಡಿದಾಗ ಆತನಿಗೆ ಒಂದು ಕೊರತೆ ಕಾಣಿಸಿತು: ಜನ ಎಲ್ಲೆಲ್ಲೂ ನಗುತ್ತಿದ್ದರು. ಕ್ಯಾಮರಾ ಕಂಡೊಡನೆ ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಇದನ್ನು ನೋಡಿ ಮೈಸೂರಿನಲ್ಲಿ ಯಾರ ಮನ ಕರಗೀತು ಎಂದು ಆತನಿಗೆ ಚಿಂತೆಯಾಯಿತು.

ಹೀಗಿರುವಾಗ ರೀತಮ್ಮನವರು ಬಾಣಂತಿಯೊಬ್ಬಳನ್ನು ನೋಡಲು ಪಕ್ಕದ ಹಳ್ಳಿಗೆ ಹೋಗಿದ್ದ ಒಂದು ಮಧ್ಯಾಹ್ನ, ಪೆಂಡೊ ಎಂಬ ಹುಡುಗಿ ಚಿಕಿತ್ಸಾಲಯದ ಅಂಗಳಕ್ಕೆ ಬಂದಳು. ಏಳರ ಆಸುಪಾಸಿನ ಮಗು. ಈಸ್ಟರ್ ಹಬ್ಬಕ್ಕೆ ತಾಯಿ ಹೊಲಿದುಕೊಟ್ಟಿದ್ದ ಹಳದಿ ಫ್ರಾಕನ್ನು ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ತನ್ನದೊಂದು ಚಿತ್ರ ತೆಗೆಯಬೇಕೆಂದು ಕೈಸನ್ನೆ ಮಾಡಿದಳು. ಆಕೆಯ ಕಣ್ಣು ದೊಡ್ಡವು, ಮುಖ ಅಚ್ಚುಕಟ್ಟು. ದೊಮಿನಿಕ್‌ಗೆ ಈ ಮಗುವೇ ಸರಿ ಅನ್ನಿಸಿತು. ಅಲ್ಲಿನವರೇ ಆದ ಕಿರಿಯ ಕನ್ಯಾಸ್ತ್ರೀ, ಸಿಸ್ಟರ್ ಅಗಾತಾ, ಇಂಗ್ಲಿಷ್ ಬಲ್ಲವರಾದ್ದರಿಂದ ಅವರ ಮೂಲಕ ಹೇಳಿಸಿದ: ಈ ಫ್ರಾಕು ಬೇಡ, ಮನೆಯಲ್ಲಿ ಹಳೆಯದು, ಹರಿದದ್ದು ಏನಾದರೂ ಇದ್ದರೆ ಹಾಕಿಕೊಂಡು ಬಾ. ಸಿಸ್ಟರ್ ಅಗಾತಾರಿಗೆ ಇದು ಹಿಡಿಸಲಿಲ್ಲ. ಅತಿಥಿಯ ಮಾತನ್ನು ತೆಗೆದುಹಾಕಲಾರದೆ ಕೊನೆಗೆ ಮಗುವಿಗೆ ತಿಳಿಸಿದರು. ಪೆಂಡೊ ಓಡಿಹೋಗಿ, ಒಲೆಯ ಮೇಲಿನ ಪಾತ್ರೆ ಇಳಿಸಲು ಮಸಿಬಟ್ಟೆಯಾಗಿ ಇಟ್ಟಿದ್ದ ಹಳೆಯ ಅಂಗಿಯನ್ನು ತೊಟ್ಟು ಬಂದಳು. ಅದೊಂದು ಆಟವೆಂದು ಆಕೆ ತಿಳಿದಿದ್ದಳು.

ಗೋಡೆಗೆ ಒರಗಿ ನಿಂತುಕೋ, ನಗಬೇಡ ಎಂದರೆ ಆಕೆಗೆ ನಗು ತಡೆಯಲಾಗಲಿಲ್ಲ. ಕೆನ್ನೆ ಉಬ್ಬಿಸಿದಳು, ಎರಡೂ ಕಣ್ಣನ್ನು ಮೂಗಿನ ಕಡೆಗೆ ತಂದಳು, ಉಬ್ಬಿದ ಕೆನ್ನೆಯನ್ನು ಎರಡು ಬೆರಳಿನಿಂದ ಒತ್ತಿ ಪುಸ್ಸೆಂದು ಗಾಳಿ ಬಿಟ್ಟು ಅಲ್ಲೇ ಕುಕ್ಕರಿಸಿ ನಕ್ಕಳು. ಮತ್ತೆ ನಿಲ್ಲಿಸಿದರೆ ಮತ್ತೆ ಅದೇ. ದೊಮಿನಿಕ್‌ಗೆ ಬಿಸಿಲು ಇಳಿದುಹೋಗುವ ಅವಸರ. ಕೊನೆಗೆ ಆತ ದನಿ ಏರಿಸಿದ. ಕನ್ನಡದಲ್ಲೇ ಗದರಿದ. ಮಾತು ತಿಳಿಯದಿದ್ದರೂ ಮಗುವಿಗೆ ಸಿಟ್ಟು ತಿಳಿಯಿತು. ನಗು ನಿಂತಿತು. ಹೆದರಿದ ಆ ದೊಡ್ಡ ಕಣ್ಣುಗಳನ್ನು ಆತ ಚಿತ್ರದಲ್ಲಿ ಹಿಡಿದ. ಆ ದಿನ ಸಂಜೆ, ಕ್ಯಾಮರಾದಲ್ಲಿ ಜಾಗ ಬೇಕಾಗಿ, ನಕ್ಕಿದ್ದವನ್ನೆಲ್ಲ ಅಳಿಸಿದ. ಗೋಡೆಗೊರಗಿ ನಿಂತ ಒಂದನ್ನು ಮಾತ್ರ ಉಳಿಸಿಕೊಂಡ. ಚಿತ್ರದ ಕೊನೆಯಲ್ಲಿ ಈ ಮುಖ ಬಂದರೆ ಸಾಕು ಎಂದು ಜೊತೆಗಾರರಿಗೆ ತೋರಿಸಿ ಹೇಳಿಕೊಂಡ. ಎಲ್ಲರೂ ಹೌದೆಂದರು.

ತಿಂಗಳು ಮುಗಿಯಲು ಬಂದಾಗ ಪೆಂಡೊಗೆ ಜ್ವರ ಬಂತು. ಮಲೇರಿಯಾ ಆ ನೆಲದಲ್ಲಿ ಹೊಸದಲ್ಲ. ಆದರೆ ಈ ಜ್ವರ ತಲೆಗೇರಿತು. ರೀತಮ್ಮನವರು ತಮಗೆ ಗೊತ್ತಿದ್ದುದೆಲ್ಲವನ್ನೂ ಮಾಡಿ, ಮಗುವನ್ನು ಜೀಪಿನಲ್ಲಿ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಟರು. ಮಗು ದಾರಿಯಲ್ಲೇ, ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚಿತು. ಜೀಪು ಹಿಂತಿರುಗಿ ಬರುವುದನ್ನು ಕಂಡೇ ಊರಿಗೆ ವಿಷಯ ತಿಳಿಯಿತು.

ಮಣ್ಣು ಮಾಡುವಾಗ ದೊಮಿನಿಕ್ ಸ್ವಲ್ಪ ದೂರದಲ್ಲಿ ನಿಂತು ಕ್ಯಾಮರಾ ಎತ್ತಿದ. ಯಾರೋ ಲೆನ್ಸಿನ ಮೇಲೆ ಅಂಗೈ ಇಟ್ಟರು. ನೋಡಿದರೆ ರೀತಮ್ಮನವರು. ಅವರು ಕೈ ಹಾಗೇ ಇಟ್ಟುಕೊಂಡು, ಆತ ಕ್ಯಾಮರಾ ಇಳಿಸಿದ ಮೇಲೆ ಮತ್ತೆ ಮುಂದೆ ಹೋಗಿ ನಿಂತರು. ಆಗಲೂ ಆತನಿಗೆ ನಾಚಿಕೆಯಾಗಲಿಲ್ಲ. ಮುದುಕಿಗೆ ತಿಳಿವಳಿಕೆ ಇಲ್ಲ, ಇವರ ಆಸ್ಪತ್ರೆಗಾಗಿಯೇ ತಾನೇ ನಾನು ಇಷ್ಟು ಪಾಡು ಪಡುತ್ತಿರುವುದು ಎಂದು ಒಳಗೇ ಕುದಿದ.

ಮರುದಿನ ಪೆಂಡೊಳ ತಾಯಿ ಚಿಕಿತ್ಸಾಲಯಕ್ಕೆ ಬಂದಳು. ಆ ನಾಡಿನಲ್ಲಿ ಹೆಣ್ಣಿಗೆ ಮೊದಲ ಮಗು ಹುಟ್ಟಿದೊಡನೆ ಆ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. ಊರಿಗೆಲ್ಲ ಆಕೆ ಮಾಮಾ ಪೆಂಡೊ. ಮಗಳು ಮಣ್ಣಾದ ಮೇಲೂ ಆಕೆಯ ಹೆಸರು ಅದೇ. ಆಕೆಯ ಕಣ್ಣು ಒಣಗಿತ್ತು. ದೊಮಿನಿಕ್‌ನ ಮುಂದೆ ನಿಂತು, ಸಿಸ್ಟರ್ ಅಗಾತಾರ ಮೂಲಕ ಕೇಳಿದಳು: ನನ್ನ ಮಗಳ ಚಿತ್ರ ನನ್ನ ಹತ್ತಿರ ಒಂದೂ ಇಲ್ಲ. ನೀವು ತೆಗೆದಿದ್ದೀರಿ ಎಂದು ಅವಳೇ ಹೇಳಿದ್ದಳು. ಒಂದು ಸಲ ಅವಳ ಮುಖ ನೋಡಬೇಕು.

ಆತ ಕ್ಯಾಮರಾ ತಂದು, ಉಳಿದಿದ್ದ ಆ ಒಂದು ಚಿತ್ರವನ್ನು ತೋರಿಸಿದ. ತಾಯಿ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅದು ತನ್ನ ಮಗಳು ಹೌದೋ ಅಲ್ಲವೋ ಎಂದು ಹುಡುಕುವ ಹಾಗಿತ್ತು ಆ ನೋಟ. ಆಮೇಲೆ ಮಸಿಬಟ್ಟೆಯ ಅಂಗಿಯ ಮೇಲೆ ಬೆರಳಿಟ್ಟು, ಇದನ್ನೇಕೆ ಹಾಕಿಕೊಂಡಿದ್ದಾಳೆ ಎಂದಳು. ಮುಖದ ಕಡೆ ಬೆರಳು ಹೋಯಿತು.

“ಆ ದಿನ ಇವಳಿಗೆ ಯಾರಾದರೂ ಹೊಡೆದಿದ್ದರಾ?” ಎಂದು ಕೇಳಿದಳು.

ಸಿಸ್ಟರ್ ಅಗಾತಾ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವಾಗ ತಲೆ ತಗ್ಗಿಸಿದ್ದರು. ತಾಯಿ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೇಲುಹೊದಿಕೆಯನ್ನು ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದಳು.

ಆತ ನಿಂತಲ್ಲೇ, ಅಳಿಸಿದ ಚಿತ್ರಗಳನ್ನು ಮರಳಿ ತರುವ ದಾರಿ ಇದೆಯೇ ಎಂದು ಕ್ಯಾಮರಾವನ್ನು ತಡಕಿದ. ಅವುಗಳ ಮೇಲೆ ಆಗಲೇ ಬೇರೆ ಚಿತ್ರಗಳು ತುಂಬಿದ್ದವು. ಫಾದರ್ ವಲೇರಿಯನ್ ಅವರಿಗೆ ಹೇಳಿದಾಗ, ಇರುವುದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕಳಿಸೋಣ, ತಾಯಿಗೆ ಅಷ್ಟಾದರೂ ಸಮಾಧಾನ ಎಂದು ಅವರು ಸಂತೈಸಿದರು. ಒಳ್ಳೆಯ ಮಾತೇ. ಆದರೆ ಆ ಹೆದರಿದ ಮುಖ ಆ ಮನೆಯ ಗೋಡೆಯ ಮೇಲೆ ವರ್ಷವಿಡೀ ತೂಗುವುದನ್ನು ನೆನೆದು ದೊಮಿನಿಕ್ ಅದು ಬೇಡವೆಂದ. ಆತ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಎದುರು ಸಿಕ್ಕ ಮಕ್ಕಳು ಎಂದಿನಂತೆ ಕೈ ಬೀಸಿದರೆ ಮುಖ ತಿರುಗಿಸಿಕೊಂಡ.

ಕೊನೆಗೆ ಮಾವಿನ ಮರದ ಕೆಳಗೆ ಹೋದ. ರೀತಮ್ಮನವರು ಮೊರದಲ್ಲಿ ಅವರೆಯಂಥ ಕಾಳು ಹಾಕಿಕೊಂಡು ಹುಳುಕು ಆರಿಸುತ್ತಿದ್ದರು. ಆತ ನೆಲದ ಮೇಲೆ ಕುಳಿತು ನಡೆದದ್ದೆಲ್ಲವನ್ನೂ ಹೇಳಿದ. ಹಳದಿ ಫ್ರಾಕು, ಹರಿದ ಅಂಗಿ, ಗದರಿದ್ದು, ಅಳಿಸಿದ್ದು, ಮಣ್ಣು ಮಾಡುವಾಗ ಒಳಗೇ ಅವರನ್ನು ಬೈದುಕೊಂಡದ್ದು, ಒಂದನ್ನೂ ಬಿಡಲಿಲ್ಲ. ಅಮ್ಮನವರ ಕೈ ಮೊರದ ಮೇಲೆ ನಿಂತಿತ್ತು. ಆತ ಮುಗಿಸಿ, ಆ ತಾಯಿಗೆ ಏನಾದರೂ ಮಾಡಬೇಕು, ಊರಿಗೆ ಹೋದೊಡನೆ ಒಂದು ಹೊಲಿಗೆ ಮಿಷಿನ್ ಕಳಿಸುತ್ತೇನೆ ಎಂದ.

“ಅವಳು ಮಿಷಿನ್ ಕೇಳಿದಳೇನಪ್ಪ?” ಎಂದರು ಅಮ್ಮನವರು.

“ಇಲ್ಲಮ್ಮ.”

“ಏನು ಕೇಳಿದಳು?”

“ಮಗಳ ಮುಖ.”

“ಅದು ನಿನ್ನ ಹತ್ತಿರ ಇದೆಯಲ್ಲ. ಕ್ಯಾಮರಾದಲ್ಲಿ ಇಲ್ಲದೆ ಹೋದರೂ ನೀನು ನೋಡಿದ್ದೀಯ. ನಡಿ, ಹೋಗಿ ಹೇಳು.”

ದೊಮಿನಿಕ್ ಕುಳಿತಲ್ಲಿಂದ ಏಳಲಿಲ್ಲ. ಹೇಳಬೇಕಾದರೆ ತಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ. ಆ ಮನೆಯಲ್ಲಿ ಊರೇ ಸೇರಿದೆ. “ಅಮ್ಮ, ನನಗೆ ನಾಚಿಕೆಯಾಗುತ್ತೆ” ಎಂದ.

“ಆಗಲಿ. ನಾಚಿಕೆ ಇಟ್ಟುಕೊಂಡೇ ಹೇಳು.”

ಅವರು ಮೊರವನ್ನು ಪಕ್ಕಕ್ಕಿಟ್ಟು, ಆತನ ಭುಜಕ್ಕೆ ಕೈಯೂರಿ ಎದ್ದರು. ಇಬ್ಬರೂ ನಡೆದುಕೊಂಡೇ ಹೋದರು. ಬಿಸಿಲು ಇನ್ನೂ ಚುರುಕಾಗಿತ್ತು. ದಾರಿಯುದ್ದಕ್ಕೂ ಅಮ್ಮನವರು ಆತನ ಭುಜದ ಮೇಲಿನ ಕೈಯನ್ನು ತೆಗೆಯಲಿಲ್ಲ.

ಸಾವಿನ ಮನೆಯ ಹೊರಗೆ ಗಂಡಸರು ಮರದ ಬುಡದಲ್ಲಿ ಕುಳಿತಿದ್ದರು. ಒಳಗೆ ಚಾಪೆಗಳ ಮೇಲೆ ಹೆಂಗಸರು. ಅಲ್ಲಿ ದುಃಖದ ಮನೆಗೆ ಹೋದವರು ‘ಪೋಲೆ’ ಎನ್ನುತ್ತಾರೆ. ನಿನ್ನ ನೋವು ನನಗೂ ತಾಗಿತು ಎಂಬಂಥ ಮಾತು. ದೊಮಿನಿಕ್ ಚಪ್ಪಲಿ ಕಳಚಿ ಒಳಗೆ ಹೋಗಿ ಆ ಒಂದು ಮಾತು ಹೇಳಿ, ತಾಯಿಯ ಎದುರು ಮಂಡಿಯೂರಿದ. ರೀತಮ್ಮನವರು ಪಕ್ಕದಲ್ಲಿ ಕುಳಿತರು. ಆತ ಕನ್ನಡದಲ್ಲಿ ಹೇಳತೊಡಗಿದ, ಅವರು ಸ್ವಾಹಿಲಿಯಲ್ಲಿ ಹೇಳುತ್ತ ಹೋದರು.

ಯಾರೂ ಹೊಡೆಯಲಿಲ್ಲ, ನಾನು ಗದರಿದೆ ಎಂದ. ಅವಳು ಹಳದಿ ಫ್ರಾಕು ಹಾಕಿಕೊಂಡೇ ಬಂದಿದ್ದಳು, ನಾನೇ ಬಿಚ್ಚಿಸಿದೆ ಎಂದ. ಬಡವಳ ಹಾಗೆ ಕಾಣಲಿ, ನಮ್ಮ ಊರಿನವರು ಅಯ್ಯೋ ಅನ್ನಲಿ ಎಂದು ಹಾಗೆ ಮಾಡಿದೆ ಎಂದ. ಇಲ್ಲಿ ಅಮ್ಮನವರು ಮಾತನ್ನು ಸ್ವಲ್ಪ ಮೆದು ಮಾಡಿಯಾರು ಎಂದು ಆಸೆಯಿಂದ ಅವರ ಮುಖ ನೋಡಿದ. ಅವರು ಏನನ್ನೂ ಕೂಡಿಸಲಿಲ್ಲ, ಏನನ್ನೂ ಕಳೆಯಲಿಲ್ಲ. ಆತ ಹೇಳಿದ್ದಷ್ಟನ್ನೂ ಹಾಗೆಯೇ ಹೇಳಿದರು. ಕೋಣೆಯ ಹೆಂಗಸರೆಲ್ಲ ಆತನನ್ನು ನೋಡುತ್ತಿದ್ದರು. ಒಬ್ಬಾಕೆ ಮುಖ ಆಚೆ ತಿರುಗಿಸಿದಳು. ಆತ ಎಷ್ಟೋ ಮದುವೆಗಳಲ್ಲಿ ಕ್ಯಾಮರಾದ ಹಿಂದೆ ನಿಂತು ಜನರನ್ನು ನೋಡಿದ್ದ. ತನ್ನನ್ನು ಹೀಗೆ ಇಡೀ ಕೋಣೆ ನೋಡಿದ್ದು ಅದೇ ಮೊದಲು.

ನಕ್ಕ ಚಿತ್ರಗಳೂ ಇದ್ದವು, ಬೇಡವೆಂದು ಅಳಿಸಿದೆ ಎಂದು ಹೇಳಿ ಆತ ಮುಗಿಸಿದ.

ತಾಯಿ ನೆಲ ನೋಡುತ್ತಿದ್ದಳು. ಸಿಟ್ಟಾಗಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ತಲೆಯೆತ್ತಿ ಕೇಳಿದಳು: “ಹೇಗೆ ನಕ್ಕಳು?”

ರೀತಮ್ಮನವರು ಅದನ್ನು ಕನ್ನಡದಲ್ಲಿ ಹೇಳಿ ಕಾದರು. ದೊಮಿನಿಕ್ ಮಾತಿಗೆ ತಡಕಾಡಿದ. ಕೆನ್ನೆ, ಕಣ್ಣು ಎಂದು ಏನೋ ಹೇಳಲು ಹೋದ, ಆಗಲಿಲ್ಲ. ಆಗ ಆ ಗಂಡಸು, ಸಾವಿನ ಮನೆಯ ನಟ್ಟನಡುವೆ, ಅಷ್ಟು ಜನ ಹೆಂಗಸರ ಎದುರಿಗೆ, ಕೆನ್ನೆ ಉಬ್ಬಿಸಿದ. ಎರಡೂ ಕಣ್ಣನ್ನು ಮೂಗಿನ ಕಡೆಗೆ ತಂದ. ಎರಡು ಬೆರಳಿನಿಂದ ಕೆನ್ನೆ ಒತ್ತಿ ಪುಸ್ಸೆಂದು ಗಾಳಿ ಬಿಟ್ಟ.

ಮೂಲೆಯಲ್ಲಿದ್ದ ಅಜ್ಜಿ ಮೊದಲು ಬಾಯಿ ಬಿಟ್ಟಳು: ಹೌದು, ಅದೇ, ಪೂಜೆಯ ಹೊತ್ತಿನಲ್ಲಿ ಪಾದ್ರಿಗಳ ಬೆನ್ನ ಹಿಂದೆಯೂ ಹಾಗೇ ಮಾಡುತ್ತಿದ್ದಳು. ಇನ್ನೊಬ್ಬಾಕೆ, ನೀರಿಗೆ ಹೋದಾಗ ನನಗೂ ಮಾಡಿದ್ದಳು ಎಂದಳು. ತಾಯಿಯ ಮುಖ ಅಲುಗಿತು. ಒಂದು ನಗು ಹೊರಬಂತು, ಅದು ಮುಗಿಯುವ ಮೊದಲೇ ಅಳುವಾಯಿತು. ಮಗು ಹೋದಂದಿನಿಂದ ಬಾರದಿದ್ದ ಅಳು ಅದು. ಹೆಂಗಸರು ಆಕೆಯನ್ನು ತಬ್ಬಿಕೊಂಡರು. ಅಳು ತುಸು ತಗ್ಗಿದಾಗ ಆಕೆ ದೊಮಿನಿಕ್‌ನ ಕಡೆ ನೋಡಿ ಒಂದು ಮಾತು ಹೇಳಿದಳು.

“ಮತ್ತೊಂದು ಸಲ ಮಾಡು ಅಂತಾಳೆ” ಎಂದರು ರೀತಮ್ಮನವರು.

ಆತ ಮತ್ತೆ ಮಾಡಿದ. ಆಕೆ ಕೇಳಿದಷ್ಟು ಸಲವೂ ಮಾಡಿದ. ಆತನ ಕಣ್ಣೀರು ಉಬ್ಬಿದ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ರೀತಮ್ಮನವರು ಕಣ್ಣು ಮುಚ್ಚಿ ಕುಳಿತಿದ್ದರು. ಅವರು ಜಪ ಮಾಡುತ್ತಿದ್ದರೋ ಅಳುತ್ತಿದ್ದರೋ ಅಲ್ಲಿದ್ದವರು ಬಲ್ಲರು.

ಇವರು ಹೊರಡುವಾಗ ತಾಯಿ, ಆ ಹೆದರಿದ ಮುಖದ ಚಿತ್ರವನ್ನು ಯಾರಿಗೂ ತೋರಿಸಬೇಡ ಎಂದಳು. ಆತ ಕ್ಯಾಮರಾ ತರಿಸಿ, ಆಕೆ ನೋಡುತ್ತಿರುವಂತೆಯೇ ಅದನ್ನು ತೆಗೆದುಹಾಕಿದ.

ಮೈಸೂರಿಗೆ ಮರಳಿದ ಮೇಲೆ ದೊಮಿನಿಕ್ ಉಳಿದ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದ. ಪೆಂಡೊಳ ನಂತರ ತೆಗೆದ ಎಷ್ಟೋ ಮುಖಗಳಲ್ಲಿ ತಾನು ಹೇಳಿಕೊಟ್ಟ ದುಃಖವೇ ಇತ್ತು. ಸಭಾಂಗಣ ತುಂಬಿದ್ದ ದಿನ ಆತ ತೆರೆಯ ಮುಂದೆ ಬಂದು ನಿಂತು, ಚಿತ್ರ ಇಲ್ಲ, ಯಾಕೆ ಇಲ್ಲವೆಂದು ಹೇಳುತ್ತೇನೆ ಎಂದ. ಹೇಳಿದ. ಕೆಲವರಿಗೆ ಬೇಸರವಾಯಿತು, ಎದ್ದು ಹೋದವರೂ ಇದ್ದರು. ಚಪ್ಪಾಳೆ ಬೀಳಲಿಲ್ಲ. ಫಾದರ್ ವಲೇರಿಯನ್ ಬರೆದುಕೊಂಡು ಬಂದಿದ್ದ ಭಾಷಣವನ್ನು ಜೇಬಿಗೆ ಹಾಕಿಕೊಂಡು, ಕೆಟ್ಟ ಚಿತ್ರವನ್ನು ಮೆಚ್ಚಿ ತಲೆಯಾಡಿಸಿದವರಲ್ಲಿ ನಾನೂ ಒಬ್ಬ ಎಂದರು. ಉಳಿದವರೆಲ್ಲ ಮಾಮಾ ಪೆಂಡೊಗಾಗಿ ಮಂಡಿಯೂರಿ ಪ್ರಾರ್ಥಿಸಿದರು. ಚಿಕಿತ್ಸಾಲಯದ ಸೂರು ಆ ವರ್ಷ ಆಗಲಿಲ್ಲ. ನಿಧಾನವಾಗಿ, ಒಂದೊಂದು ಬದಿಯಾಗಿ, ಮುಂದೆ ಆಯಿತು.

ಮರುವರ್ಷ ದೊಮಿನಿಕ್ ಒಬ್ಬನೇ ಮ್ವೆಂಗೆಗೆ ಹೋದ. ಕ್ಯಾಮರಾ ಒಯ್ಯಲಿಲ್ಲ. ಮಾವಿನ ಮರದ ಕೆಳಗೆ ನೀರು ಕಾಯಿಸಿ ಕೊಟ್ಟ, ರೋಗಿಗಳ ಪಾದ ಹಿಡಿದು ಕುಳಿತ. ರೀತಮ್ಮನವರು ದೇವರ ಸನ್ನಿಧಿ ಸೇರುವವರೆಗೂ ವರ್ಷಕ್ಕೊಮ್ಮೆ ಹೋಗುತ್ತಿದ್ದ, ಅವರ ನಂತರವೂ ಬಿಡಲಿಲ್ಲ. ಆ ಊರಿನವರು ಆತನನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ. ಅವರಿಗೆ ಆತ ‘ಬಾಬಾ ಕಿಚೆಕೊ’, ನಗುವಿನ ಅಪ್ಪ. ಅಪಹಾಸ್ಯಕ್ಕೆ ಇಟ್ಟ ಹೆಸರಲ್ಲ, ಪ್ರೀತಿಯಿಂದಲೇ ಕರೆಯುತ್ತಾರೆ. ಆದರೂ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಆತನ ತಲೆ ಬಾಗುತ್ತದೆ. ತಲೆ ಬಾಗಿಸಿಕೊಂಡೇ ಓಗೊಡುತ್ತಾನೆ.